ನವೆಂಬರ್ 1: ತೆರಕಣಾಂಬಿ ಸೀಮೆಯ ಗಡಿ ಬದಲಾದ ದಿನ

1956ರ ನವೆಂಬರ್ 1ರವರೆಗೆ ತೆರಕಣಾಂಬಿ ಇರುವ ಗುಂಡ್ಲುಪೇಟೆ ತಾಲ್ಲೂಕಿನ ಗಡಿಯಾಚೆಗೆ ಇದ್ದದ್ದು ಮದರಾಸು ರಾಜ್ಯವೊಂದೇ. ವಯನಾಡು ಆಗ ಮದರಾಸಿನ ಮಲಬಾರ್ ಜಿಲ್ಲೆಗೆ ಸೇರಿತ್ತು. ರಾಜ್ಯ ಪುನರ್ವಿಂಗಡಣೆ ಜಾರಿಯಾದ ಆ ದಿನ ಮಲಬಾರ್ ಹೊಸ ಕೇರಳದ ಪಾಲಾಯಿತು, ನೀಲಗಿರಿ ಮದರಾಸಿನಲ್ಲೇ ಉಳಿಯಿತು. ಅಂದಿನಿಂದ ಈ ತಾಲ್ಲೂಕಿಗೆ ಎರಡು ರಾಜ್ಯಗಳ ನೆರೆ.

ಪೂರ್ವದಲ್ಲಿ ಆದ ಬದಲಾವಣೆ ಇನ್ನೂ ದೊಡ್ಡದು. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರಿನಿಂದ ಬೇರ್ಪಟ್ಟು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಅದೇ ದಿನ ಮರಳಿ ಬಂತು. ಅದರೊಂದಿಗೆ ಈ ಸೀಮೆಯ ಮನೆಮನೆಯ ದೈವವಾದ ಮಾದಪ್ಪನ ಬೆಟ್ಟವೂ ಮೈಸೂರು ರಾಜ್ಯದೊಳಗಾಯಿತು. ಇಲ್ಲಿಯ ಜನರ ಮಟ್ಟಿಗೆ ಏಕೀಕರಣದ ಬಹು ದೊಡ್ಡ ಫಲ ಇದೇ.

ಎಸ್. ನಿಜಲಿಂಗಪ್ಪ ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ಜಯಚಾಮರಾಜ ಒಡೆಯರ್ ರಾಜ್ಯಪಾಲರಾದರು. ಕಾಸರಗೋಡು ಮಾತ್ರ ಕೇರಳಕ್ಕೆ ಸೇರಿದ್ದು ಕನ್ನಡಿಗರಿಗೆ ಇಂದಿಗೂ ಆರದ ನೋವು.

1973ರ ನವೆಂಬರ್ 1ರಂದು, ಡಿ. ದೇವರಾಜ ಅರಸು ಅವರ ಆಡಳಿತದಲ್ಲಿ, ರಾಜ್ಯ ‘ಕರ್ನಾಟಕ’ವಾಯಿತು. 2014ರ ಇದೇ ದಿನ ಬೆಂಗಳೂರು, ಮೈಸೂರು ಸೇರಿ 12 ನಗರಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಣೆಯಂತೆ ಬರೆಯುವ ಕ್ರಮ ಜಾರಿಗೆ ಬಂತು.