ಮರಳಲು ಮಣ್ಣಿಲ್ಲದವರು

ಭೂಮಿ, ದುಡಿಮೆ, ಸಮಾಜಗಳನ್ನು ಕುರಿತ ಕಳೆದ ಶತಮಾನದ ನಡುಗಾಲದ ದೊಡ್ಡ ಪುಸ್ತಕಗಳು ಅಂದ ಕೂಡಲೇ ನಮ್ಮ ಪಂಡಿತರು 1944ರ ಕಡೆ ಕೈ ತೋರಿಸುತ್ತಾರೆ. ಹಾಯೆಕ್‌ನ 'ದಿ ರೋಡ್ ಟು ಸರ್ಫ್‌ಡಮ್', ಕಾರ್ಲ್ ಪೊಲಾನಿಯ 'ದಿ ಗ್ರೇಟ್ ಟ್ರಾನ್ಸ್‌ಫರ್ಮೇಶನ್' ಎರಡೂ ಬಂದದ್ದು ಆ ವರ್ಷವೇ. ಭೂಮಿಯೂ ದುಡಿಮೆಯೂ ಮಾರಲೆಂದೇ ಹುಟ್ಟಿದ ಸರಕುಗಳಲ್ಲ ಎಂದ ಪೊಲಾನಿ. ಸರಿಯೇ. ಆದರೆ ಗೇಣಿ ಕೊಡುತ್ತೇನೆಂದರೂ ಗದ್ದೆ ಸಿಗದವನ ಕತೆ ಏನು? ನಮ್ಮಲ್ಲಿ ಮಾರುಕಟ್ಟೆ ಬರುವ ಮೊದಲೇ ಜಾತಿ ಬಾಗಿಲು ಹಾಕಿತ್ತಲ್ಲ!

ಇದನ್ನು ಅರಿಯಲು ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ಎರಡು ಕಾದಂಬರಿಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. 'ಮರಳಿ ಮಣ್ಣಿಗೆ' ಈ ಕಡಲತೀರದ ಬ್ರಾಹ್ಮಣ ಮನೆತನವೊಂದರ ಮೂರು ತಲೆಮಾರಿನ ಆರ್ಥಿಕ ಚರಿತ್ರೆಯೂ ಹೌದು. ಅಲ್ಲಿ ಮಣ್ಣಿಗೆ ಮರಳಬಹುದು, ಯಾಕೆಂದರೆ ಮಣ್ಣು ಮೊದಲೇ ಇತ್ತು. 1933ರ 'ಚೋಮನ ದುಡಿ'ಯಲ್ಲಿ ಚೋಮನಿಗೆ ಎತ್ತುಗಳಿವೆ, ರಟ್ಟೆಯಿದೆ, ಗದ್ದೆ ಇಲ್ಲ. ಧಣಿಯ ಮನಸ್ಸು ಕರಗಿದರೂ ಧಣಿಯ ತಾಯಿ ಬಿಡುವುದಿಲ್ಲ. ಹೊಲೆಯ ಬೇಸಾಯಗಾರನಾಗಕೂಡದು, ಅಷ್ಟೆ.

ಈ ಗಂಟನ್ನು ಹಿಡಿದ ಪುಸ್ತಕ ಅಂಬೇಡ್ಕರ್ ಅವರ 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'. ಬೇಸಾಯ ಸರಕಾರದ ಉದ್ಯಮವಾಗಲಿ, ಜಾತಿ ನೋಡದೆ ಊರಿನವರಿಗೆ ಭೂಮಿ ಹಂಚಲಿ, ಒಟ್ಟಾಗಿ ಉಳಲಿ, ಧಣಿಯೂ ಗೇಣಿದಾರನೂ ಭೂಹೀನ ಕೂಲಿಯೂ ಉಳಿಯದಿರಲಿ ಎಂದು ಅದು ಕೇಳಿತು. ಇದು ಸಂವಿಧಾನದೊಳಗೇ ಸೇರಬೇಕೆಂಬುದು ಅವರ ಬೇಡಿಕೆ. ಸೇರಲಿಲ್ಲ.

ನಮಗೆ ಬಂದದ್ದು 1974ರ ಭೂಸುಧಾರಣೆ. ಕರಾವಳಿಯಲ್ಲಿ ಚಾಲಗೇಣಿಯ ಒಕ್ಕಲುಗಳು ಭೂಮಾಲಿಕರಾದರು. ಅದು ಸಣ್ಣ ಸಾಧನೆಯೇನಲ್ಲ. ಆದರೆ 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯ 'ಉಳುವವ' ಯಾರು? ಕಾನೂನಿನ ಪ್ರಕಾರ, ಎದುರು ನಿಂತು ಕೂಲಿಯವರಿಂದ ಕೆಲಸ ಮಾಡಿಸುವುದೂ ಸ್ವಂತ ಸಾಗುವಳಿಯೇ. ಟ್ರಿಬ್ಯುನಲ್ ಕೇಳಿದ್ದು ಗೇಣಿಯ ಸಂಬಂಧಕ್ಕೆ ಪುರಾವೆ. ಚೋಮನಿಗೆ ಜಾತಿ ನಿರಾಕರಿಸಿದ್ದೂ ಅದನ್ನೇ. ಅಂದರೆ ಹಳೆಯ ನಿಷೇಧವೇ ಹೊಸ ಕಾನೂನಿನ ಅರ್ಹತೆಯಾಯಿತು. ಕೆಸರಲ್ಲಿ ಇಳಿದು ಉತ್ತವನ ಪಾಲಿಗೆ ಹೆಚ್ಚೆಂದರೆ ಗುಡಿಸಲಿನ ಅಡಿಯ ಜಾಗ.

ಮರುವರ್ಷ, 1975ರಲ್ಲಿ, ಬಿ.ವಿ. ಕಾರಂತರ 'ಚೋಮನ ದುಡಿ' ಸಿನಿಮಾ ಬಂತು, ಸ್ವರ್ಣಕಮಲ ಪಡೆಯಿತು. ಚೋಮನ ಸಾವಿಗೆ ನಾಡು ಕಣ್ಣೀರು ಹಾಕಿತು. 2020ರ ತಿದ್ದುಪಡಿಯ ನಂತರ ಬೇಸಾಯಗಾರರಲ್ಲದವರೂ ಹಣವಿದ್ದರೆ ಕೃಷಿಭೂಮಿ ಕೊಳ್ಳಬಹುದು. ಪೊಲಾನಿ ಹೆದರಿದ್ದ ಮಾರುಕಟ್ಟೆ ಈಗ ಗದ್ದೆಗೇ ಇಳಿದಿದೆ. ಜಾತಿ ಹಾಕಿದ್ದ ಬಾಗಿಲಿಗೆ ಹಣ ಇನ್ನೊಂದು ಚಿಲಕ ಹಾಕಿದೆ.

ಆದ್ದರಿಂದ ದಲಿತ ವಿಮರ್ಶೆ ಚೋಮನ ದುಃಖದ ಸೌಂದರ್ಯವನ್ನು ಕೊಂಡಾಡುತ್ತ ಕೂರಲಾಗದು. ಅವನು ಕೇಳಿದ್ದು ಗದ್ದೆ. ನಮ್ಮ ಓದು ಶುರುವಾಗಬೇಕಾದ್ದು ಪಹಣಿಯಿಂದ.