ಗೌರಮ್ಮ: ಹೆಸರಿನ ಮೂಲ ಮತ್ತು ಬಳಕೆ

ಹಳೆಯ ತಲೆಮಾರಿನ ಕನ್ನಡ ಸ್ತ್ರೀನಾಮಗಳಲ್ಲಿ ಗೌರಮ್ಮ ಪ್ರಮುಖವಾದುದು. ಬಿಳುಪು, ಹೊಂಬಣ್ಣ ಎಂಬರ್ಥದ ಸಂಸ್ಕೃತದ ‘ಗೌರ’ ಶಬ್ದದಿಂದ ಪಾರ್ವತಿಗೆ ‘ಗೌರಿ’ ಎಂಬ ಹೆಸರು ಬಂದಿದ್ದು, ಅದಕ್ಕೆ ಕನ್ನಡದ ‘ಅಮ್ಮ’ ಸೇರಿ ಗೌರಮ್ಮ ಆಗಿದೆ. ಭಾದ್ರಪದ ಶುಕ್ಲ ತದಿಗೆಯಂದು ಮನೆಗೆ ಬರುವ ದೇವಿಯನ್ನೂ ಜನರು ಹೀಗೆಯೇ ಕರೆಯುತ್ತಾರೆ.

ಹಾಸನದ ಗಡಿಗೆ ಹೊಂದಿದ ಕೊಡ್ಲಿಪೇಟೆಯಿಂದ ಮಡಿಕೇರಿಯವರೆಗೆ ಕನ್ನಡ ಮನೆಮಾತಿನ ಕುಟುಂಬಗಳಿಗೆ ಈ ಹೆಸರು ಪರಿಚಿತ. ಕೊಡಗಿನ ಚರಿತ್ರೆಯಲ್ಲಿ ಇಬ್ಬರು ಗೌರಮ್ಮಂದಿರು ಪ್ರಸಿದ್ಧರು.

ಹಾಲೇರಿ ವಂಶದ ಕಡೆಯ ಅರಸ ಚಿಕ್ಕವೀರರಾಜೇಂದ್ರನ ಪುತ್ರಿ ಗೌರಮ್ಮ (1841–1864) 1852ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷೆ ಪಡೆದಾಗ, ಧರ್ಮಮಾತೆಯಾದ ರಾಣಿ ವಿಕ್ಟೋರಿಯಾ ತನ್ನ ಹೆಸರನ್ನೇ ನೀಡಿದಳು. ಆದರೂ ತಾಯ್ನಾಡಿನ ಹೆಸರು ಅಳಿಯಲಿಲ್ಲ. ಆಕೆ ವಿಕ್ಟೋರಿಯಾ ಗೌರಮ್ಮ ಎಂದೇ ಇತಿಹಾಸದಲ್ಲಿ ಉಳಿದಳು.

‘ಕಂಬನಿ’, ‘ಚಿಗುರು’ ಸಂಕಲನಗಳ ಕಥೆಗಾರ್ತಿ ಗೌರಮ್ಮ (1912–1939) ತಮ್ಮ ಕಥೆಗಳಿಗೆ ಪತಿಯ ಹೆಸರು ಹೊತ್ತ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಅಂಕಿತ ಬಳಸಿದರು. ಓದುಗರು ಉಳಿಸಿಕೊಂಡದ್ದು ಮಾತ್ರ ‘ಕೊಡಗಿನ ಗೌರಮ್ಮ’ ಎಂಬ ಸ್ವಂತ ಹೆಸರನ್ನು.

ಇತ್ತೀಚಿನ ನಾಮಕರಣಗಳಲ್ಲಿ ‘ಅಮ್ಮ’ ಕಳಚಿ ‘ಗೌರಿ’ಯಷ್ಟೇ ಉಳಿದಿದೆ. ಗೌರಮ್ಮ ಈಗ ಹೆಚ್ಚಾಗಿ ಅಜ್ಜಿಯರ ಹೆಸರು. ಹಬ್ಬದ ದಿನ ಮಾತ್ರ ಮನೆಮನೆಯಲ್ಲೂ ಮತ್ತೆ ಕೇಳಿಬರುತ್ತದೆ.