ಭೋಪಾಲ: ಸರ್ಕಾರವೇ ವಲಿಯಾದಾಗ

ಭೋಪಾಲ ಅಂದ ಕೂಡಲೇ ನಿಮಗೆ ಯೂನಿಯನ್ ಕಾರ್ಬೈಡ್ ನೆನಪಾಗುತ್ತೆ. ಸರಿಯೇ. 1984ರ ಡಿಸೆಂಬರ್ 2ರ ರಾತ್ರಿ ಅದರ ಕೀಟನಾಶಕ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಸೋರಿ, ಸುತ್ತಲಿನ ಬಡ ಮೊಹಲ್ಲಾಗಳ ಮೇಲೆ ಹರಡಿತು. ಕಂಪನಿಯ ತಪ್ಪಿನ ಜೊತೆಗೆ ಸರ್ಕಾರದ ಪಾಲನ್ನೂ ಸ್ವಲ್ಪ ನೋಡಿ. ಪಾಠಗಳಲ್ಲಿ ಅದು ಸಿಗೋದು ಕಡಿಮೆ.

ಲೈಸೆನ್ಸ್ ಕೊಟ್ಟದ್ದು ಸರ್ಕಾರ, ತಪಾಸಣೆ ಮಾಡಬೇಕಾದದ್ದೂ ಸರ್ಕಾರವೇ. 1981ರಲ್ಲೇ ಅಲ್ಲಿ ಫಾಸ್ಜೀನ್ ಸೋರಿ ಕಾರ್ಮಿಕನೊಬ್ಬ ಸತ್ತಿದ್ದ. ಮರುವರ್ಷದಿಂದ ಪತ್ರಕರ್ತ ರಾಜಕುಮಾರ್ ಕೇಸ್ವಾನಿ ಊರಿಗೆ ಅಪಾಯವಿದೆ ಎಂದು ಬರೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದುರಂತದ ನಂತರ ಬಂದಿಳಿದ ಕಂಪನಿ ಅಧ್ಯಕ್ಷ ವಾರೆನ್ ಆಂಡರ್ಸನ್‌ರನ್ನು ಬಂಧಿಸಿದ ದಿನವೇ ಜಾಮೀನು ಕೊಟ್ಟು, ಸರ್ಕಾರಿ ವಿಮಾನದಲ್ಲೇ ದೆಹಲಿಗೆ ಕಳಿಸಿದರು!

ಮುಖ್ಯ ಮಾತು ಇದು. 1985ರ ಕಾಯ್ದೆಯಿಂದ ಕೇಂದ್ರ ಸರ್ಕಾರ ಸಂತ್ರಸ್ತರೆಲ್ಲರ ಪರವಾಗಿ ಪರಿಹಾರ ಕೇಳುವ ಹಕ್ಕನ್ನು ತಾನೊಂದೇ ಇಟ್ಟುಕೊಂಡಿತು. ನಮ್ಮ ಮನೆಗಳಲ್ಲಿ ಯತೀಮ್ ಮಗುವಿಗೆ ವಲಿ ಇರ್ತಾರಲ್ಲ, ಹಾಗೆ. ವಲಿಯಾದವನು ಲೆಕ್ಕ ಒಪ್ಪಿಸಬೇಕು. ಇಲ್ಲಿ ಏನಾಯ್ತು? 300 ಕೋಟಿ ಡಾಲರ್‌ಗೂ ಹೆಚ್ಚು ಕೇಳಿದ್ದ ಸರ್ಕಾರ, 1989ರ ಫೆಬ್ರುವರಿಯಲ್ಲಿ 47 ಕೋಟಿ ಡಾಲರ್‌ಗೆ ರಾಜಿಯಾಯ್ತು. ಕ್ರಿಮಿನಲ್ ಕೇಸುಗಳೂ ರದ್ದಾದವು. ಸಂತ್ರಸ್ತರನ್ನು ಒಂದು ಮಾತು ಕೇಳಲಿಲ್ಲ. ಅದೇ ವರ್ಷದ ಕೊನೆಗೆ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು, ಆದರೆ ಜನರ ಮಾತನ್ನು ಕೇಳಬೇಕಿತ್ತು ಎಂದಿತು. ಕೇಳೋದು ಯಾವಾಗ, ಹಣ ಎಣಿಸಿ ಆದ ಮೇಲೆ?

ರಾಜಿಯಲ್ಲಿ ಸುಮಾರು 3 ಸಾವಿರ ಸಾವಿನ ಲೆಕ್ಕ ಹಿಡಿದಿದ್ದರು. ಮುಂದೆ ಪರಿಹಾರ ಕೊಟ್ಟ ಸಾವುಗಳೇ 5 ಸಾವಿರ ದಾಟಿದವು. ಗಾಯಗೊಂಡವರಲ್ಲಿ ಹೆಚ್ಚಿನವರ ಕೈಗೆ ಮೊದಲು ಬಂದದ್ದು ತಲಾ 25 ಸಾವಿರ ರೂಪಾಯಿ. ಅಬ್ದುಲ್ ಜಬ್ಬಾರ್ ಮತ್ತು ಅವರ ಜೊತೆಗಿದ್ದ ಸಾವಿರಾರು ಹೆಂಗಸರು ಬೀದಿಯಲ್ಲೂ ಕೋರ್ಟಿನಲ್ಲೂ ಬಿಡದೆ ನಿಂತರು. 1991ರಲ್ಲಿ ಕ್ರಿಮಿನಲ್ ಕೇಸುಗಳು ಮತ್ತೆ ಜೀವ ಪಡೆದವು. ಹಣ ಸಾಲದಿದ್ದರೆ ಸರ್ಕಾರವೇ ತುಂಬಬೇಕು, ಸಂತ್ರಸ್ತರಿಗೆ ವಿಮೆ ಮಾಡಿಸಬೇಕು ಎಂದೂ ಕೋರ್ಟ್ ಆಗ ಹೇಳಿತು. ವಿಮೆ ಮಾಡಿಸಲೇ ಇಲ್ಲ. ಕಂಪನಿಯಿಂದ ಇನ್ನಷ್ಟು ಹಣ ಬೇಕೆಂಬ ಸರ್ಕಾರದ ಅರ್ಜಿಯನ್ನು 2023ರ ಮಾರ್ಚ್‌ನಲ್ಲಿ ವಜಾ ಮಾಡುವಾಗ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಘೋರ ನಿರ್ಲಕ್ಷ್ಯ ಎಂದಿತು.

ಕಂಪನಿಗಳಿಂದ ಆಗುವ ಹಕ್ಕುಗಳ ಉಲ್ಲಂಘನೆಯಿಂದ ಜನರನ್ನು ಕಾಪಾಡೋದು ಸರ್ಕಾರದ ಕರ್ತವ್ಯ ಅಂತ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ 2011ರಲ್ಲಿ ಒಪ್ಪಿದ ತತ್ವಗಳು ಹೇಳುತ್ತವೆ. ಭೋಪಾಲದ ಕಾರ್ಖಾನೆಯಲ್ಲಿ ಉಳಿದಿದ್ದ 337 ಟನ್ ವಿಷತ್ಯಾಜ್ಯವನ್ನು ಪೀಥಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ. ಆ ಜಮೀನು 1998ರಿಂದಲೇ ರಾಜ್ಯ ಸರ್ಕಾರದ ಕೈಯಲ್ಲಿತ್ತು.